ಗಣಕಯಂತ್ರದ ಕಾರ್ಯನಿರ್ವಹಣಾ ವ್ಯವಸ್ಥೆ: ಅರ್ಜಿದಾರರು ತಿಳಿದಿರಬೇಕಾದ ಮೂಲ ಅಂಶಗಳು

ಸರ್ಕಾರದ ಹಲವು ಸೇವೆಗಳಿಗೆ ಅರ್ಜಿಗಳನ್ನು ಗಣಕಯಂತ್ರದ ಮೂಲಕ ಸ್ವೀಕರಿಸಲಾಗುತ್ತಿದೆ. ತುಂಬಿದ ಅರ್ಜಿ ಕಾಣೆಯಾಗುವುದು, ಲಗತ್ತಿಸಿದ ದಾಖಲೆ ತಿರಸ್ಕೃತವಾಗುವುದು, ಅರ್ಜಿದಾರರ ಹೆಸರಿನ ಅಕ್ಷರಗಳು ಕೆಡುವುದು ಇವೆಲ್ಲವೂ ಜಾಲತಾಣದ ದೋಷಗಳಲ್ಲ. ಬಳಸುತ್ತಿರುವ ಯಂತ್ರವು ಕೆಲಸ ಮಾಡುವ ಬಗೆ ತಿಳಿದಿದ್ದರೆ ಇವುಗಳಲ್ಲಿ ಕೆಲವನ್ನು ಅರ್ಜಿದಾರರೇ ತಪ್ಪಿಸಬಹುದು.

ಕಾರ್ಯನಿರ್ವಹಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಯಂತ್ರದ ಭಾಗಗಳಿಗೂ ಬಳಕೆದಾರರು ತೆರೆಯುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲ ತಂತ್ರಾಂಶವಾಗಿದೆ. ಕೀಲಿಮಣೆ, ಮುದ್ರಕ, ಸ್ಕ್ಯಾನರ್ ಮೊದಲಾದವುಗಳನ್ನು ಯಾವ ತಂತ್ರಾಂಶವೂ ಸಾಮಾನ್ಯವಾಗಿ ನೇರವಾಗಿ ಮುಟ್ಟುವುದಿಲ್ಲ. ವ್ಯವಸ್ಥೆಯನ್ನು ಕೇಳಿ ಪಡೆಯುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಇದಕ್ಕೆ ಉದಾಹರಣೆಗಳು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳೇ ಇಂದಿನ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿಯೂ ಇದೆ.

ಮೊದಲು ತಿಳಿಯಬೇಕಾದುದು ಸ್ಮೃತಿಗೂ ಸಂಗ್ರಹಕ್ಕೂ ಇರುವ ವ್ಯತ್ಯಾಸ. ಸ್ಮೃತಿಯು ಗುಮಾಸ್ತರ ಮೇಜಿನಂತೆ. ಸಂಗ್ರಹವು ಕಚೇರಿಯ ಅಭಿಲೇಖಾಲಯದಂತೆ. ಬೆರಳಚ್ಚು ಮಾಡುತ್ತಿರುವ ವಿವರಗಳು ಮೇಜಿನ ಮೇಲಿರುತ್ತವೆ. ವಿದ್ಯುತ್ ಹೋದೊಡನೆ ಮೇಜು ಬರಿದಾಗುತ್ತದೆ, ಅಭಿಲೇಖಾಲಯ ಮಾತ್ರ ಉಳಿಯುತ್ತದೆ. ಜಾಲತಾಣದ ನಮೂನೆಯಲ್ಲಿ ತುಂಬಿದ ವಿವರಗಳೂ ಕರಡು ಉಳಿಸುವವರೆಗೆ ಅಥವಾ ಸಲ್ಲಿಸುವವರೆಗೆ ಸಾಮಾನ್ಯವಾಗಿ ಮೇಜಿನ ಮೇಲೆಯೇ ಇರುತ್ತವೆ. ಕೊನೆಯ ದಿನಾಂಕದ ಸಂಜೆ ವಿದ್ಯುತ್ ಕಡಿತವಾದರೆ ಎಲ್ಲವನ್ನೂ ಮತ್ತೆ ತುಂಬಬೇಕಾಗುವುದು ಇದೇ ಕಾರಣದಿಂದ. ಆದುದರಿಂದ ಕರಡು ಉಳಿಸುವ ಸೌಲಭ್ಯವಿದ್ದಲ್ಲಿ ಪ್ರತಿ ಪುಟದ ನಂತರ ಅದನ್ನು ಬಳಸತಕ್ಕದ್ದು.

ಸಂಗ್ರಹದಲ್ಲಿರುವ ಕಡತದ ಹೆಸರಿನ ಕೊನೆಗೆ ಸಾಮಾನ್ಯವಾಗಿ ಚುಕ್ಕೆಯ ನಂತರ ಪಿಡಿಎಫ್, ಜೆಪಿಜಿ ಮೊದಲಾದ ವಿಸ್ತರಣೆ ಇರುತ್ತದೆ. ಕಡತವನ್ನು ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂಬುದನ್ನು ವಿಂಡೋಸ್ ಇದರಿಂದಲೇ ನಿರ್ಧರಿಸುತ್ತದೆ. ಛಾಯಾಚಿತ್ರದ ಹೆಸರಿನಲ್ಲಿ ಜೆಪಿಜಿ ಅಳಿಸಿ ಪಿಡಿಎಫ್ ಎಂದು ಬರೆದರೆ ಒಳಗಿನ ದತ್ತಾಂಶ ಬದಲಾಗುವುದಿಲ್ಲ. ಲಕೋಟೆಯ ಮೇಲಿನ ಬರಹ ತಿದ್ದಿದ ಮಾತ್ರಕ್ಕೆ ಒಳಗಿನ ಪತ್ರ ಬದಲಾದೀತೇ? ಇಂತಹ ಕಡತವನ್ನು ಪರಿಶೀಲಿಸುವ ಜಾಲತಾಣ ತಿರಸ್ಕರಿಸುತ್ತದೆ. ಪರಿಶೀಲಿಸದೆ ಸ್ವೀಕರಿಸಿದರೆ ಅಧಿಕಾರಿಗೆ ಅದು ತೆರೆಯದೇ ಹೋಗಬಹುದು. ಎರಡನೆಯದೇ ಹೆಚ್ಚು ತೊಂದರೆಯದು, ಏಕೆಂದರೆ ಅರ್ಜಿದಾರರಿಗೆ ವಿಷಯ ತಡವಾಗಿ ತಿಳಿಯುತ್ತದೆ.

ಕನ್ನಡದ ಅಕ್ಷರಗಳ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಮುಂತಾದ ಲಿಪಿಯ ಚಿಹ್ನೆಗಳಿಗೆ ಮೀಸಲಾದ ಸಂಕೇತಗಳಲ್ಲಿ ಕೂರಿಸಲಾಗಿತ್ತು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಹೆಸರು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ದೊರೆಯಿತು. ಆದರೆ ಸಂಕೇತ ದೊರೆತ ಮಾತ್ರಕ್ಕೆ ಒತ್ತಕ್ಷರ ಮೂಡುವುದಿಲ್ಲ. ವ್ಯಂಜನ ಮತ್ತು ಸ್ವರಚಿಹ್ನೆಗಳನ್ನು ಕೂಡಿಸಿ ಸರಿಯಾದ ರೂಪ ನೀಡುವ ವ್ಯವಸ್ಥೆ ಯಂತ್ರದಲ್ಲಿರಬೇಕು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸದೊಡನೆ ಬಂದಿತು. ಅರ್ಜಿಯಲ್ಲಿ ಹೆಸರನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸುವುದು ಸೂಕ್ತ; ಹಳೆಯ ಕಡತದಿಂದ ನಕಲು ಮಾಡಿ ಅಂಟಿಸಿದ ಹೆಸರು ಪ್ರಮಾಣಪತ್ರದವರೆಗೂ ಕೆಟ್ಟ ರೂಪದಲ್ಲಿಯೇ ಸಾಗಬಹುದು.

ಸೈಬರ್ ಕೇಂದ್ರಗಳಂತಹ ಸಾರ್ವಜನಿಕ ಯಂತ್ರಗಳಲ್ಲಿ ಒಂದೇ ಬಳಕೆದಾರ ಖಾತೆಯನ್ನು ಹಲವರು ಬಳಸುವುದುಂಟು. ಆಗ ಒಬ್ಬರ ಕಡತ ಮತ್ತೊಬ್ಬರಿಗೆ ಕಾಣುತ್ತದೆ. ಇಳಿಸಿಕೊಂಡ ಆಧಾರ್ ಪ್ರತಿ ಡೌನ್‌ಲೋಡ್ಸ್ ಕಡತಕೋಶದಲ್ಲಿ ಉಳಿಯುತ್ತದೆ. ಅಳಿಸಿದ ನಂತರವೂ ರಿಸೈಕಲ್ ಬಿನ್‌ನಲ್ಲಿ ದೊರೆಯುತ್ತದೆ. ಕೆಲಸ ಮುಗಿದ ಬಳಿಕ ಎರಡೂ ಕಡೆ ತೆಗೆದುಹಾಕಿ, ಜಾಲತಾಣದಿಂದ ಲಾಗ್‌ಔಟ್ ಆಗತಕ್ಕದ್ದು.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಅಂತಹ ಯಂತ್ರ ಕೆಲಸ ನಿಲ್ಲಿಸುವುದಿಲ್ಲ. ಆದರೆ ವಿಸ್ತರಿತ ಭದ್ರತಾ ಸೇವೆ ಪಡೆಯದಿದ್ದಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲವಾದ್ದರಿಂದ, ಅದರಲ್ಲಿ ಬ್ಯಾಂಕ್ ವಿವರ ಅಥವಾ ಒ.ಟಿ.ಪಿ. ನಮೂದಿಸುವುದು ಸುರಕ್ಷಿತವಲ್ಲ.