ನಿಂತ ಕಾರಿಗೂ ಆರೈಕೆ ಬೇಕು

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಆರು ತಿಂಗಳ ಮಟ್ಟಿಗೆ ವಿದೇಶಕ್ಕೆ ತೆರಳುವ ದಂಪತಿಗಳು ಇಂದು ನಮ್ಮ ನಗರಗಳಲ್ಲಿ ಅಪರೂಪವಲ್ಲ. ಹೊರಡುವ ಮುನ್ನ ಹಾಲಿನವನಿಗೆ ತಿಳಿಸುತ್ತಾರೆ. ಮನೆಯ ಬೀಗದ ಕೈಯನ್ನು ನೆಂಟರಿಗೆ ಒಪ್ಪಿಸುತ್ತಾರೆ. ಲಕ್ಷಗಟ್ಟಲೆ ಹಣ ತೆತ್ತು ಕೊಂಡ ಕಾರಿಗೆ ಮಾತ್ರ ಒಂದು ಹೊದಿಕೆ ಹೊದಿಸಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಓಡದ ಗಾಡಿಗೆ ಸವೆತವೆಲ್ಲಿಯದು ಎಂಬುದು ಅವರ ನಂಬಿಕೆ. ಆದರೆ 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದು ವಾರಗಟ್ಟಲೆ ನಿಂತ ಕಾರುಗಳಲ್ಲಿ ಎಷ್ಟೋ ಕಾರುಗಳು ಕೀಲಿ ತಿರುಗಿಸಿದಾಗ ಮಿಸುಕಲೇ ಇಲ್ಲ.

ಮೊದಲು ಸೊರಗುವುದು ಬ್ಯಾಟರಿ. ಕಾರು ನಿಂತಿದ್ದರೂ ಗಡಿಯಾರ, ಕಳ್ಳಗಂಟೆ ಮುಂತಾದವು ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಹೀರುತ್ತಿರುತ್ತವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಆದುದರಿಂದ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಸಿ, ಋಣ ತುದಿಯ ತಂತಿಯನ್ನು ಮೊದಲು ಬಿಚ್ಚಬೇಕು. ಮರಳಿ ಬಂದಾಗ ಅದನ್ನೇ ಕಡೆಗೆ ಜೋಡಿಸಬೇಕು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಗಲಿ ಕಿಡಿ ಹಾರುವ ಸಂಭವವಿದೆ.

ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುತ್ತದೆ. ಇದು ಗಾಳಿಯ ತೇವವನ್ನು ಸೆಳೆದುಕೊಳ್ಳುವ ವಸ್ತು. ಟ್ಯಾಂಕು ತುಂಬಿದ್ದರೆ ತೇವಭರಿತ ಗಾಳಿಗೆ ಅಲ್ಲಿ ಎಡೆಯಿರುವುದಿಲ್ಲ. ಹಳೆಯ ಎಂಜಿನ್ ಆಯಿಲಿನಲ್ಲಿ ಆಮ್ಲಾಂಶ ಸೇರಿರುವುದರಿಂದ ಅದನ್ನು ಹೊರಡುವ ಮುನ್ನವೇ ಬದಲಾಯಿಸುವುದು ಲೇಸು.

ಹ್ಯಾಂಡ್ ಬ್ರೇಕನ್ನು ತಿಂಗಳುಗಟ್ಟಲೆ ಎಳೆದಿಟ್ಟರೆ, ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಬ್ರೇಕು ಅಂಟಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಒತ್ತಿಡಿ. ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಗಾಳಿ ತುಂಬಿಸಿಯೇ ನಿಲ್ಲಿಸಿ. ಕಾರನ್ನು ತೊಳೆದು, ಪೂರ್ತಿ ಒಣಗಿದ ಬಳಿಕವೇ ಗಾಳಿಯಾಡುವ ಹೊದಿಕೆ ಹಾಕಬೇಕು. ಮಕ್ಕಳು ಚೆಲ್ಲಿದ ಬಿಸ್ಕತ್ತಿನ ಚೂರನ್ನೂ ಒಳಗೆ ಉಳಿಸಬಾರದು. ಅದು ಇಲಿಗಳಿಗೆ ಆಹ್ವಾನ. ಒಮ್ಮೆ ಒಳಹೊಕ್ಕ ಇಲಿ ವೈರುಗಳನ್ನು ಕಡಿಯದೆ ಬಿಡದು.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿಡಿರೆಂದು ನೆರೆಯವರಿಗೆ ಹೇಳಿಹೋಗುವ ಪದ್ಧತಿಯೊಂದಿದೆ. ಇದರಿಂದ ಹಿತಕ್ಕಿಂತ ಅಹಿತವೇ ಹೆಚ್ಚು. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯದಿದ್ದರೆ ಅದು ಹೊಗೆಕೊಳವೆಯಲ್ಲಿಯೇ ತಂಗಿ ತುಕ್ಕಿಗೆ ಕಾರಣವಾಗುತ್ತದೆ. ನಂಬಿಕಸ್ಥರಿದ್ದರೆ ಬ್ಯಾಟರಿಯನ್ನು ಬಿಚ್ಚದೆ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತರಲು ಹೇಳಿ; ಇಲ್ಲವಾದರೆ ಮುಟ್ಟದಿರುವುದೇ ಮೇಲು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಚಾಲೂ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವನು ಅಪಾಯವನ್ನು ಅರಿಯುವ ಮೊದಲೇ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು.

ವಿಮೆಯ ಅವಧಿಯನ್ನೂ ಮರೆಯದೆ ನೋಡಿಕೊಳ್ಳಿ. ಊರಿಗೆ ಮರಳಿದ ದಿನವೇ ಕಾರನ್ನೇರುವ ಆತುರ ಬೇಡ. ಬಾನೆಟ್ಟನ್ನೆತ್ತಿ ಇಲಿಯ ಗೂಡಿದೆಯೇ ಪರೀಕ್ಷಿಸಿ. ಗಾಳಿ, ಆಯಿಲ್, ಬ್ರೇಕಿನ ದ್ರವ ಇವನ್ನು ನೋಡಿ. ಗೇಟಿನೊಳಗೇ ನಾಲ್ಕು ಗಜ ನಿಧಾನವಾಗಿ ಓಡಿಸಿ ಬ್ರೇಕು ಹಿಡಿಯುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಮನೆಯವರನ್ನು ಕೂರಿಸಿಕೊಳ್ಳಿ.