ಮನೆಯ ಕಂಪ್ಯೂಟರು ಏಕೆ ನಿಧಾನವಾಗುತ್ತದೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಎಷ್ಟೋ ಮನೆಗಳಲ್ಲಿ, ಮಕ್ಕಳ ಓದಿಗೆಂದು ಏಳೆಂಟು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದು ಇಂದಿಗೂ ಮೂಲೆಯ ಮೇಜಿನ ಮೇಲೆ ಇರುವುದುಂಟು. ಹೊಸದರಲ್ಲಿ ಚುರುಕಾಗಿದ್ದ ಯಂತ್ರ ಈಗ ಗುಂಡಿಯನ್ನೊತ್ತಿದ ಮೇಲೆ ಕೆಲಸಕ್ಕೆ ಅಣಿಯಾಗುವಷ್ಟರಲ್ಲಿ ಮನೆಯವರು ಕಾಫಿ ಕುಡಿದು ಮುಗಿಸಿರುತ್ತಾರೆ. ಪರೀಕ್ಷೆಯ ಅರ್ಜಿ ತುಂಬಲು ಅದೇ ಕಡೆಯ ದಿನವಾದರಂತೂ ಅವರ ಪಾಡು ಕೇಳಬೇಕಾದುದಿಲ್ಲ. ‘ಯಂತ್ರಕ್ಕೆ ವಯಸ್ಸಾಯಿತು, ಹೊಸದನ್ನೇ ತರಬೇಕು’ ಎಂಬ ತೀರ್ಪು ಆಗ ಬಲುಬೇಗ ಹೊರಬೀಳುತ್ತದೆ. ಈ ತೀರ್ಪು ಅನೇಕ ವೇಳೆ ತಪ್ಪು. ಗಣಿತ ಮಾಡುವ ಭಾಗವಾದ ಪ್ರೊಸೆಸರು ಎತ್ತಿನಂತೆ ಮುಪ್ಪಿನಿಂದ ಸೊರಗುವುದಿಲ್ಲ; ಮೊದಲ ದಿನ ಎಷ್ಟು ವೇಗದಲ್ಲಿ ಕೆಲಸ ಮಾಡಬಲ್ಲುದಾಗಿತ್ತೋ ಹತ್ತನೆಯ ವರ್ಷವೂ ಅಷ್ಟೇ ವೇಗದಲ್ಲಿ ಮಾಡಬಲ್ಲುದು. ಹಾಗಾದರೆ ನಿಧಾನವೆಲ್ಲಿ ಹುಟ್ಟಿತು?

‘ಪಂಪುಸೆಟ್ಟುಗಳೆಲ್ಲ ಓಡುವಾಗ ವೋಲ್ಟೇಜು ಇಳಿಯುತ್ತದೆ, ಅದರಿಂದ ಕಂಪ್ಯೂಟರೂ ನಿಧಾನವಾಗುತ್ತದೆ’ ಎಂದು ಹೇಳುವವರಿದ್ದಾರೆ. ಬೀಸಣಿಗೆಯ ವಿಷಯದಲ್ಲಿ ಈ ಮಾತು ನಿಜ, ಕಂಪ್ಯೂಟರಿನಲ್ಲಿ ಅಲ್ಲ. ಒಳಗಿನ ವಿದ್ಯುತ್ ಪೆಟ್ಟಿಗೆಯು 230 ವೋಲ್ಟಿನ ಸರಬರಾಜನ್ನು 12, 5 ಮೊದಲಾದ ಸ್ಥಿರ ವೋಲ್ಟುಗಳಿಗೆ ಇಳಿಸಿ ಕೊಡುತ್ತದೆ. ಕೆಲಸದ ತಾಳವನ್ನು ನಿಗದಿ ಮಾಡುವುದು ಒಂದು ಸ್ಫಟಿಕದ ಕಂಪನ. ವೋಲ್ಟೇಜು ತೀರ ಇಳಿದರೆ ಯಂತ್ರ ನಿಂತೇಹೋದೀತೇ ಹೊರತು ಕುಂಟುವುದಿಲ್ಲ. ಮಡಿಲಗಣಕಕ್ಕೆ, ಎಂದರೆ ಲ್ಯಾಪ್‌ಟಾಪಿಗೆ, ಇಲ್ಲೊಂದು ವಿನಾಯಿತಿಯುಂಟು. ಮೂಲ ಚಾರ್ಜರು ಕೆಟ್ಟು, ಅದಕ್ಕಿಂತ ಕಡಿಮೆ ಶಕ್ತಿಯ ಅಗ್ಗದ ಚಾರ್ಜರನ್ನು ಹಾಕಿದರೆ, ಕೆಲವು ಲ್ಯಾಪ್‌ಟಾಪುಗಳು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ.

ಕಾರಣವನ್ನು ತಿಳಿಯಲು ಯಂತ್ರದ ಮೂರು ಅಂಗಗಳ ಪರಿಚಯ ಸಾಕು. ಪ್ರೊಸೆಸರನ್ನು ಅಡುಗೆಯವರೆಂದು ಭಾವಿಸೋಣ. ರ‍್ಯಾಮ್ ಎಂಬ ಮುಖ್ಯ ಸ್ಮೃತಿಯು ಕೈಗೆಟಕುವ ಅಡುಗೆಕಟ್ಟೆ. ಹಾರ್ಡ್ ಡಿಸ್ಕು ಸಾಮಾನು ತುಂಬಿಟ್ಟ ಅಟ್ಟ. ಕಟ್ಟೆಯ ಮೇಲಿರುವುದನ್ನು ಕೈ ಚಾಚಿ ತೆಗೆದುಕೊಳ್ಳಬಹುದು. ಅಟ್ಟದಿಂದ ತರಬೇಕಾದರೆ ಏಣಿ ಹಾಕಬೇಕು. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಸಾಸಿವೆಗೊಮ್ಮೆ, ಉಪ್ಪಿಗೊಮ್ಮೆ ಏಣಿ ಹತ್ತಬೇಕಾಗಿ ಬಂದರೆ ಒಲೆಯ ಮುಂದೆ ಕೆಲಸ ಸಾಗುವುದೆಂತು?

ಈ ಏಣಿ ಎಷ್ಟು ಉದ್ದದ್ದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕು ಗ್ರಾಮಫೋನಿನ ತಟ್ಟೆಯಂತೆ ತಿರುಗುತ್ತದೆ, ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90. ಬೇಕಾದ ಅಕ್ಷರಗಳು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸುಮಾರು 5.5 ಮಿಲಿಸೆಕೆಂಡು. ಮುಳ್ಳು ಸರಿಯಾದ ಗೆರೆಗೆ ಸರಿಯಲು ಇನ್ನೊಂದು 12 ಮಿಲಿಸೆಕೆಂಡು. ಒಟ್ಟು 17.5 ಮಿಲಿಸೆಕೆಂಡು, ಸೆಕೆಂಡಿಗೆ 60 ಓದು ಸಹ ಆಗುವುದಿಲ್ಲ. ಅಷ್ಟರಲ್ಲಿ ಸೆಕೆಂಡಿಗೆ 200 ಕೋಟಿ ಸಲ ಮಿಡಿಯುವ ಪ್ರೊಸೆಸರು 3.5 ಕೋಟಿ ಮಿಡಿತಗಳನ್ನು ಕಳೆದಿರುತ್ತದೆ, ಬಹುಪಾಲು ಸುಮ್ಮನೆ ಕಾಯುತ್ತ. ಯಂತ್ರ ಏಳುವಾಗ ಅಲ್ಲಲ್ಲಿ ಚದರಿದ 6000 ತುಣುಕುಗಳನ್ನು ಓದಬೇಕಾಯಿತೆನ್ನಿ: ನೂರು ಸೆಕೆಂಡುಗಳಿಗೂ ಮಿಕ್ಕಿ ಕಾಲ ಹಿಡಿಯುತ್ತದೆ.

ಇದರ ಇತಿಹಾಸ ಸ್ವಾರಸ್ಯವಾದುದು. 1956ರಲ್ಲಿ ಐ.ಬಿ.ಎಂ. ಕಂಪೆನಿಯು ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಒಂದು ಓದಿಗೆ ಸುಮಾರು 600 ಮಿಲಿಸೆಕೆಂಡು. ಆ ಬಳಿಕ ಅಂಗೈಯಗಲದ ಡಿಸ್ಕಿನಲ್ಲಿ ಎರಡು ಲಕ್ಷ ಪಟ್ಟು ಹೆಚ್ಚು ಸಂಗ್ರಹ ಸಾಧ್ಯವಾಯಿತು. ವೇಗ ಮಾತ್ರ ಹೆಚ್ಚಿದುದು ಮೂವತ್ತು ನಲವತ್ತು ಪಟ್ಟಷ್ಟೆ. ಅಟ್ಟ ಅರಮನೆಯಷ್ಟಾಯಿತು, ಏಣಿ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಹವು ಈ ತೊಡಕನ್ನು ಕಳೆದಿದೆ. ಅದರಲ್ಲಿ ಒಂದು ಓದಿಗೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಇದೇ ಕಾರಣದಿಂದ, ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಾದರೆ ಡಿಸ್ಕನ್ನು ತೆಗೆಸಿ ಎಸ್.ಎಸ್.ಡಿ. ಹಾಕಿಸುವುದೇ ಬಹುಮಟ್ಟಿಗೆ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಕೈಚೀಲ ಬಿಚ್ಚುವ ಮುನ್ನ ಪರೀಕ್ಷೆಯಾಗಬೇಕು. ಯಂತ್ರ ಯಾವಾಗ ನಿಧಾನವೆಂದು ಗಮನಿಸಿದರೆ ಅರ್ಧ ಉತ್ತರ ಸಿಕ್ಕಿದಂತೆ. ಏಳುವಾಗ ಮಾತ್ರ ತಡವೇ? ಬಹಳ ಕಿಟಕಿಗಳನ್ನು ತೆರೆದಾಗಲೇ? ಅಥವಾ ಹತ್ತು ನಿಮಿಷ ಸರಿಯಾಗಿ ಓಡಿ ಆಮೇಲೆಯೇ? ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರು ಶೇಕಡ 10ರಲ್ಲಿದ್ದು ಡಿಸ್ಕು 100ರಲ್ಲಿಯೇ ನಿಂತಿದ್ದರೆ ಏಣಿಯದೇ ತೊಂದರೆ. ಸ್ಮೃತಿ 90ನ್ನು ದಾಟಿದ್ದರೆ ಕಟ್ಟೆ ಇಕ್ಕಟ್ಟಾಗಿದೆ: ಆಗ ಯಂತ್ರವು ಕಟ್ಟೆಯ ಸಾಮಾನನ್ನು ಅಟ್ಟಕ್ಕೆ ಸಾಗಿಸುತ್ತ ಮತ್ತೆ ಇಳಿಸುತ್ತ ಕಾಲ ಕಳೆಯುತ್ತದೆ. 4 ಜಿ.ಬಿ. ಸ್ಮೃತಿಯನ್ನು 8ಕ್ಕೆ ಏರಿಸುವುದು ಇದಕ್ಕೆ ಮದ್ದು. ತೆರೆದ ಕಿಟಕಿಗಳನ್ನು ಮುಚ್ಚುವುದು ಕಾಸಿಲ್ಲದ ಮದ್ದು. ಏಳುವಾಗ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯೂ ಅಲ್ಲಿಯೇ ಉಂಟು; ಬೇಡದವನ್ನು ತಡೆಯಬಹುದು. ಹದಿನೈದು ದಿನಕ್ಕೊಮ್ಮೆ ತೆರೆಯುವ ಮನೆಗಳಲ್ಲಿ ಬಾಕಿಯಿದ್ದ ಪರಿಷ್ಕರಣೆಗಳೆಲ್ಲ ಒಟ್ಟಿಗೆ ನುಗ್ಗಿ ಯಂತ್ರವನ್ನು ಹಿಡಿದುಕೊಳ್ಳುತ್ತವೆ. ಅರ್ಜಿ ತುಂಬುವ ಹಿಂದಿನ ದಿನವೇ ಎರಡು ಗಂಟೆ ಓಡಲು ಬಿಟ್ಟರೆ ಅರ್ಧ ಸಂಕಟ ತಪ್ಪುತ್ತದೆ. ‘ವೇಗ ಹೆಚ್ಚಿಸುತ್ತೇವೆ’ ಎಂದು ಸಾರುವ ಪುಕ್ಕಟೆ ತಂತ್ರಾಂಶಗಳನ್ನು ಮಾತ್ರ ಹತ್ತಿರ ಸೇರಿಸಬಾರದು. ಅಟ್ಟಕ್ಕೆ ಅವೂ ಒಂದಿಷ್ಟು ಹೊರೆ.

ಶಾಖದ ಮಾತು ಹೊಗೆಸೊಪ್ಪಿನ ಸೀಮೆಯವರಿಗೆ ಸುಲಭವಾಗಿ ತಿಳಿದೀತು. ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್ನುಗಳಲ್ಲಿ ಎಲೆಯ ನಡುನರ ಒಣಗುವ ಕಡೆಯ ಹಂತದಲ್ಲಿ ಶಾಖ ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ದುಡಿಯುವ ಪ್ರೊಸೆಸರು ಇದನ್ನೂ ಮೀರಿ 90, 100 ಡಿಗ್ರಿಯನ್ನು ಮುಟ್ಟಬಲ್ಲುದು. ಆಗ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ತೇವದ ಗಾಳಿ ಹೊರಹೋಗಲು ಬ್ಯಾರನ್ನಿನ ಗಾಳಿಕಂಡಿ ತೆರೆದಿರಬೇಕಾದಂತೆಯೇ, ಯಂತ್ರದ ಬಿಸಿ ಗಾಳಿಗೂ ದಾರಿ ಬೇಕು. ಆ ಕಂಡಿಯಲ್ಲಿ ಮಣ್ಣುದಾರಿಯ ಧೂಳೂ ಒಲೆಯ ಮಸಿಯೂ ಕೂತು ಕಂಬಳಿಯಾಗಿರುತ್ತವೆ. ಪ್ಲಗ್ಗನ್ನು ಕಳಚಿ, ಮೃದುವಾದ ಕುಂಚದಿಂದ ವರ್ಷಕ್ಕೊಮ್ಮೆ ಅದನ್ನು ತೆಗೆಯತಕ್ಕದ್ದು. ಹಾಸಿಗೆಯ ಮೇಲಿಟ್ಟು ದುಡಿಸುವ ಲ್ಯಾಪ್‌ಟಾಪಿನ ಗಾಳಿಕಂಡಿಯನ್ನು ನಾವೇ ಮುಚ್ಚಿದಂತಾಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ದಿನದಿನಕ್ಕೆ ಹೆಚ್ಚುವ ನಿಧಾನ, ಒಂದೇ ಕಡತದಲ್ಲಿ ಯಂತ್ರ ಸಿಕ್ಕಿಕೊಳ್ಳುವುದು, ಟಿಕ್ ಟಿಕ್ಕೆಂಬ ಸದ್ದು, ಇವು ಡಿಸ್ಕು ಸಾಯುತ್ತಿರುವ ಲಕ್ಷಣಗಳು. ಕೆಡುತ್ತಿರುವ ಜಾಗವನ್ನು ಯಂತ್ರ ಮತ್ತೆ ಮತ್ತೆ ಓದಲು ಹೆಣಗುವುದರಿಂದಲೇ ಆ ತಡ. ಮಳೆಗಾಲಕ್ಕೆ ಮುಂಚಿನ ಗುಡುಗು ಗಾಳಿಯಲ್ಲಿ ಕರೆಂಟು ಒಮ್ಮೆಲೇ ಹೋಗಿ ಬರುವುದೂ, ಬರೆಯುತ್ತಿದ್ದ ಕಡತವನ್ನು ಅರ್ಧಕ್ಕೆ ನಿಲ್ಲಿಸಿ ಕೆಡಿಸಬಲ್ಲುದು. ಇಂತಹ ಯಂತ್ರವನ್ನು ಚುರುಕುಗೊಳಿಸಲು ಹೋಗಬಾರದು. ಮದುವೆಯ ಚಿತ್ರ, ಅಂಕಪಟ್ಟಿ, ಪಹಣಿಯ ಪ್ರತಿಗಳನ್ನು ಆ ಕ್ಷಣವೇ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ರಿಪೇರಿಯ ಅಂಗಡಿಗೆ ಒಯ್ಯುವ ಮುನ್ನವೂ ಇದೇ ವಿಧಿ, ಏಕೆಂದರೆ ‘ಫಾರ್ಮ್ಯಾಟ್ ಮಾಡಿಕೊಡುತ್ತೇವೆ’ ಎಂಬ ಮಾತಿಗೆ ಎಲ್ಲವನ್ನೂ ಅಳಿಸುತ್ತೇವೆಂದೇ ಅರ್ಥ.

ಕನ್ನಡ ಬರೆಯುವವರು ಇನ್ನೊಂದನ್ನು ನೆನಪಿಡಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಬಂದ ‘ಬರಹ’, ಇವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಪತ್ರಗಳು ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿದರೆ ವರ್ಷಗಳ ಬರವಣಿಗೆ ಹೋದಂತೆ. ಫಾಂಟುಗಳನ್ನೂ ಜೊತೆಗೇ ನಕಲು ಮಾಡಿಟ್ಟು ಮರಳಿ ಹಾಕಿದರೆ, ಅಥವಾ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ, ಅಕ್ಷರಗಳು ಎಂದಿನಂತೆ ಮೂಡುತ್ತವೆ.

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ. ಅಂತಹವುಗಳಿಗೆ ಲಿನಕ್ಸ್‌ನ ಹಗುರವಾದ ಬಗೆಗಳಲ್ಲೊಂದನ್ನು ಹಣ ಕೊಡದೆ ಹಾಕಿಕೊಳ್ಳಬಹುದು. ಓದು, ಬರಹ, ಅಂತರಜಾಲಗಳಿಗೆ ಅದು ಸಾಕು. ಕಳಚಿದ ಹಳೆಯ ಡಿಸ್ಕು ಆರೋಗ್ಯವಾಗಿದ್ದರೆ ಎಸೆಯಬೇಕಾಗಿಲ್ಲ. ಯು.ಎಸ್.ಬಿ. ಕವಚದೊಳಗೆ ಹಾಕಿಸಿ, ಮೇಲೆ ಹೇಳಿದ ನಕಲುಗಳನ್ನಿಡುವ ಎರಡನೆಯ ಪೆಟ್ಟಿಗೆಯಾಗಿ ಬಳಸಬಹುದು.