ಬರ್ಮಿಂಗ್‌ಹ್ಯಾಮ್‌ನ ಎರಡು ಹಾಳೆಗಳು ಹೇಳುವುದೇನು?

ಜುಮಾ ದಿನ ಸೂರಃ ಅಲ್‌ಕಹ್ಫ್ ಓದುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅದೇ ಅಧ್ಯಾಯದ 17ರಿಂದ 31ರವರೆಗಿನ ಸೂಕ್ತಗಳು, ಎಂದರೆ ಗುಹಾವಾಸಿಗಳ ವೃತ್ತಾಂತದ ಬಹುಭಾಗ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿರುವ ಒಂದು ಚರ್ಮದ ಹಾಳೆಯ ಮೇಲಿವೆ. ಜೊತೆಗಿರುವ ಎರಡನೇ ಹಾಳೆಯಲ್ಲಿ ಸೂರಃ ಮರ್ಯಮ್‌ನ ಕೊನೆಯ ಸೂಕ್ತಗಳೂ ಸೂರಃ ತ್ವಾಹಾದ ಮೊದಲ 40 ಸೂಕ್ತಗಳೂ ಇವೆ. 2015ರ ಜುಲೈಯಲ್ಲಿ ಈ ಹಾಳೆಗಳ ವಯಸ್ಸು ಪ್ರಕಟವಾದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಚರ್ಮವು ಕ್ರಿ.ಶ. 568ರಿಂದ 645ರ ನಡುವಿನದ್ದು ಎಂಬುದಕ್ಕೆ ಶೇ. 95.4ರಷ್ಟು ಸಂಭವವಿದೆ ಎಂದು ಆಕ್ಸ್‌ಫರ್ಡ್‌ನ ಪ್ರಯೋಗಾಲಯ ತಿಳಿಸಿತ್ತು. ಪ್ರವಾದಿ ಮುಹಮ್ಮದ್(ಸ)ರ ಜೀವಿತಾವಧಿ ಸುಮಾರು 570ರಿಂದ 632.

ಹಾಳೆಗಳು ಹೊಸದಾಗಿ ಎಲ್ಲೂ ಸಿಕ್ಕಿದ್ದಲ್ಲ. ಇಂದಿನ ಇರಾಕ್‌ನಲ್ಲಿ ಹುಟ್ಟಿದ ಆಲ್ಫಾನ್ಸ್ ಮಿಂಗಾನಾ ಎಂಬ ಕ್ರೈಸ್ತ ವಿದ್ವಾಂಸರು 1920ರ ದಶಕದಲ್ಲಿ ಸಂಗ್ರಹಿಸಿದ ಹಸ್ತಪ್ರತಿಗಳಲ್ಲಿ ಇವೂ ಸೇರಿದ್ದವು. ಸಂಗ್ರಹಕ್ಕೆ ಹಣ ಕೊಟ್ಟವರು ಎಡ್ವರ್ಡ್ ಕ್ಯಾಡ್ಬರಿ. ಹೌದು, ನಮ್ಮ ಮಕ್ಕಳು ತಿನ್ನುವ ಚಾಕೊಲೇಟಿನ ಅದೇ ಮನೆತನ. ಈ ಎರಡು ಹಾಳೆಗಳನ್ನು ಬೇರೊಂದು ಕುರ್‌ಆನ್ ಪ್ರತಿಯ ಹಾಳೆಗಳೊಂದಿಗೆ ತಪ್ಪಾಗಿ ಸೇರಿಸಿ ಕಟ್ಟಲಾಗಿತ್ತು. ಆಲ್ಬಾ ಫೆದೆಲಿ ಎಂಬ ಸಂಶೋಧಕಿ ಬರಹದ ಶೈಲಿಯನ್ನು ಸೂಕ್ಷ್ಮವಾಗಿ ನೋಡಿ ಇವು ಬೇರೆಯೆಂದು ಗುರುತಿಸಿದರು. ಆಮೇಲೆಯೇ ಪರೀಕ್ಷೆ ನಡೆದದ್ದು.

ಸುದ್ದಿ ಬಂದ ಕೂಡಲೇ ಎರಡು ಬಗೆಯ ಆತುರದ ಮಾತುಗಳು ಹುಟ್ಟಿಕೊಂಡವು. ಇದು ಮೊದಲ ಖಲೀಫ ಅಬೂಬಕರ್(ರ)ರ ಕಾಲದ ಪ್ರತಿಯೇ ಎಂದರು ಕೆಲವರು. 568 ಎಂಬ ಅಂಕಿಯನ್ನಷ್ಟೇ ಹಿಡಿದುಕೊಂಡು, ಕುರ್‌ಆನ್ ಪ್ರವಾದಿಯವರಿಗಿಂತಲೂ ಮೊದಲಿನದು ಎಂದು ಕೆಲವು ಪತ್ರಿಕೆಗಳು ಬರೆದವು. ಪರೀಕ್ಷೆ ಇವೆರಡರಲ್ಲಿ ಯಾವುದನ್ನೂ ಹೇಳಿಲ್ಲ. ಇಂತಹ ಸುದ್ದಿ ಈಗಲೂ ನಮ್ಮ ಮೊಬೈಲ್‌ಗಳಲ್ಲಿ ಸುತ್ತುತ್ತಿರುವುದರಿಂದ, ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಆಕಾಶದಿಂದ ಬರುವ ಕಿರಣಗಳು ಮೇಲಿನ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಶೇಷ ಇಂಗಾಲವನ್ನು ಉಂಟುಮಾಡುತ್ತವೆ. ಅದು ಗಾಳಿಯಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿ, ಆಡು, ಕರುಗಳ ಮೈಗೆ ಸೇರುತ್ತದೆ. ಪ್ರಾಣಿ ಸತ್ತ ದಿನದಿಂದ ಹೊಸದು ಸೇರುವುದಿಲ್ಲ. ಇದ್ದದ್ದು ಮೆಲ್ಲನೆ ಕರಗತೊಡಗುತ್ತದೆ. ಅರ್ಧಕ್ಕೆ ಇಳಿಯಲು ಸುಮಾರು 5,730 ವರ್ಷ ಬೇಕು. ಆದ್ದರಿಂದ 1,400 ವರ್ಷ ಹಳೆಯ ಚರ್ಮದಲ್ಲಿ ಇನ್ನೂ ನೂರರಲ್ಲಿ 84 ಭಾಗ ಉಳಿದಿರುತ್ತದೆ. 568ಕ್ಕೂ 645ಕ್ಕೂ ನಡುವಿನ 77 ವರ್ಷಗಳಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಒಂದು ಭಾಗದಷ್ಟೂ ಇಲ್ಲ! ಅಷ್ಟು ಸಣ್ಣದನ್ನು ಅಳೆಯುವಾಗ ಒಂದು ನಿರ್ದಿಷ್ಟ ವರ್ಷ ಸಿಗುವುದಿಲ್ಲ, ವರ್ಷಗಳ ಒಂದು ಹರವು ಸಿಗುತ್ತದೆ. ಅಲ್ಲದೆ ವಾತಾವರಣದಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹಾಗಾಗಿ ಹಳೆಯ ಮರಗಳ ವಾರ್ಷಿಕ ಉಂಗುರಗಳೊಂದಿಗೆ ಹೋಲಿಸಿ ಲೆಕ್ಕ ಸರಿಪಡಿಸುತ್ತಾರೆ.

ಇಲ್ಲಿ ಮುಖ್ಯ ವಿಷಯವೆಂದರೆ, ಅಳೆದದ್ದು ಚರ್ಮವನ್ನು, ಶಾಯಿಯನ್ನಲ್ಲ. ಪ್ರಾಣಿ ಯಾವಾಗ ಸತ್ತಿತೆಂದು ಪರೀಕ್ಷೆ ಅಂದಾಜು ಕೊಡುತ್ತದೆ. ಲಿಪಿಕಾರ ಅದರ ಮೇಲೆ ಯಾವಾಗ ಬರೆದನೆಂಬುದನ್ನು ಅದು ಹೇಳಲಾರದು. ಸೂಕ್ತಗಳ ಕೊನೆಯಲ್ಲಿರುವ ಚುಕ್ಕಿಗಳನ್ನೂ ಅಧ್ಯಾಯಗಳ ನಡುವಿನ ಗೆರೆಯನ್ನೂ ಗಮನಿಸಿ, ಬರವಣಿಗೆ ಚರ್ಮಕ್ಕಿಂತ ಸ್ವಲ್ಪ ಈಚಿನದಿರಬಹುದೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದನ್ನು ಕೇಳಿ ನಾವು ಮುಜುಗರಪಡಬೇಕಾದದ್ದೇನೂ ಇಲ್ಲ. ಹಾಗೊಪ್ಪಿಕೊಂಡರೂ ಖಲೀಫ ಉಸ್ಮಾನ್(ರ)ರ ಆಡಳಿತ, ಅಂದರೆ 644–656, ಅಥವಾ ಅದರ ಆಸುಪಾಸಿನ ಕಾಲಕ್ಕೆ ಬರುತ್ತೇವೆ.

ಅಲ್ಲದೆ ಇದೊಂದೇ ಸಾಕ್ಷ್ಯವೂ ಅಲ್ಲ. ಯಮನ್‌ನ ಸನ್‌ಆದ ಜಾಮಿಅ ಮಸೀದಿಯ ದುರಸ್ತಿಯ ವೇಳೆ 1972ರಲ್ಲಿ ಹಳೆಯ ಹಾಳೆಗಳ ದೊಡ್ಡ ರಾಶಿಯೇ ಸಿಕ್ಕಿತು. ಅವುಗಳಲ್ಲಿ ಒಂದು ಪ್ರತಿಯ ಚರ್ಮಕ್ಕೆ 578–669 ಎಂಬ ಫಲಿತಾಂಶ ಬಂದಿದೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ 77 ಹಾಳೆಗಳ ಪ್ರತಿಗೆ 649–675. ಬೇರೆ ಬೇರೆ ಊರುಗಳ ಹಾಳೆಗಳು ಒಂದೇ ಶತಮಾನದತ್ತ ಬೆರಳು ತೋರಿಸುವುದೇ ನಮಗೆ ಒಂದು ಹಾಳೆಯ ಒಂದು ಅಂಕಿಗಿಂತ ದೊಡ್ಡ ಮಾತೆನಿಸುತ್ತದೆ.

ಇನ್ನು ಬರ್ಮಿಂಗ್‌ಹ್ಯಾಮ್ ಹಾಳೆಗಳ ಪಾಠ ಇಂದು ನಾವು ಓದುವುದಕ್ಕೆ ತೀರಾ ಸಮೀಪವಾಗಿದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಬರೆಯುವ ಕ್ರಮದಲ್ಲಿ: ಕೆಲವೆಡೆ ಅಲಿಫ್ ಬಿಟ್ಟಿದ್ದಾರೆ, ಅಕ್ಷರಗಳ ಚುಕ್ಕಿಗಳು ಅಪರೂಪ, ಝಬರ್-ಝೇರ್ ಇಲ್ಲವೇ ಇಲ್ಲ. ಕಂಠಪಾಠ ಮಾಡಿದ್ದವರಿಗೆ ಅಷ್ಟೇ ಸಾಕಾಗುತ್ತಿತ್ತು.

ಇವುಗಳ ಸಂಗಾತಿ ಎನ್ನಲಾದ 16 ಹಾಳೆಗಳು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವು ಈಜಿಪ್ಟಿನ ಫುಸ್ತಾತ್‌ನ ಅಮ್ರ್ ಇಬ್ನುಲ್ ಆಸ್(ರ) ಮಸೀದಿಯಿಂದ ಅಲ್ಲಿಗೆ ಹೋದವು. ಬರ್ಮಿಂಗ್‌ಹ್ಯಾಮ್ ಹಾಳೆಗಳ ಚಿತ್ರಗಳನ್ನು ವಿಶ್ವವಿದ್ಯಾನಿಲಯ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಮದ್ರಸಕ್ಕೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಪಕ್ಕದಲ್ಲಿ ಮುಸ್‌ಹಫ್ ತೆರೆದಿಟ್ಟು ತೋರಿಸಿ. ಓರೆಯಾಗಿ ಬರೆದ ಹಿಜಾಝಿ ಲಿಪಿ ಮೊದಲಿಗೆ ತೊಡಕೆನಿಸೀತು. ಸೂರಃ ಮರ್ಯಮ್ ಮುಗಿದು ಗೆರೆ ಎಳೆದಿರುವ ಜಾಗ ಹುಡುಕಿ, ಅದರ ಕೆಳಗಿನ ಬಿಸ್ಮಿಯಿಂದ ಶುರುಮಾಡಿದರೆ ಸುಲಭ.